ಗುಬ್ಬಿಯ ಪಥ್ಯ

ದರ್ಜಿ ತನ್ನ ಮಗಳ ಅಂಗಿಗಳನ್ನು ತಿರುಗಿಸಿ ಹೊಲಿಯುತ್ತಿದ್ದ. ಎಲ್ಲರ ಬಟ್ಟೆಯಲ್ಲಿ ಒಳಗೆ ಇರುವ ಹೊಲಿಗೆ ಅವಳ ಬಟ್ಟೆಯಲ್ಲಿ ಹೊರಗೆ ಇರುತ್ತಿತ್ತು. ಹೊಲಿಗೆಯ ಅಂಚು ಉಜ್ಜಿದರೆ ಸಾಕು, ಕುತ್ತಿಗೆಯಲ್ಲಿ, ಮೊಣಕೈ ಮಡಿಕೆಯಲ್ಲಿ ಅವಳ ಚರ್ಮ ಕೆಂಪಾಗಿ ನೀರೊಡೆಯುತ್ತಿತ್ತು. ಶಾಲೆಯಲ್ಲಿ ಮಕ್ಕಳು, "ಟೈಲರ್ ಮಗಳಿಗೆ ಅಂಗಿ ಹಾಕ್ಕೊಳ್ಳೋಕೇ ಬರಲ್ಲ" ಎಂದು ನಗುತ್ತಿದ್ದರು. ಅವಳೂ ಅವರ ಜೊತೆ ನಕ್ಕುಬಿಡುತ್ತಿದ್ದಳು. ಏಳು ವರ್ಷದ ಹುಡುಗಿ. ಮನೆಯಲ್ಲಿ ಅವಳು ಗುಬ್ಬಿ.

ಗುಬ್ಬಿಗೆ ಹಾಲುಗಲ್ಲದ ಕಾಲದಿಂದಲೂ ಇಸುಬು. ಮೊದಲು ಕೆನ್ನೆಯಲ್ಲಿ ಕಾಣಿಸಿಕೊಂಡದ್ದು ಆಮೇಲೆ ಕೈಕಾಲುಗಳ ಮಡಿಕೆಗಳಿಗೆ ಇಳಿಯಿತು. ನಿದ್ದೆಯಲ್ಲಿ ಪರಚಿಕೊಂಡು ಬೆಳಗಾಗುವಷ್ಟರಲ್ಲಿ ದಿಂಬಿನ ಮೇಲೆ ರಕ್ತದ ಗೀರು ಮೂಡಿರುತ್ತಿತ್ತು. ಡಾಕ್ಟರು ಒಂದು ಮುಲಾಮು ಕೊಟ್ಟಿದ್ದರು. ಹಚ್ಚಿದಾಗ ಕಡಿಮೆಯಾಗುತ್ತಿತ್ತು, ಬಿಟ್ಟಾಗ ಮರಳುತ್ತಿತ್ತು.

ಗುಬ್ಬಿಯ ತಾಯಿ ಅದೇ ಬೀದಿಯ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ತಪ್ಪು ಹುಡುಕುವುದೇ ಅವಳ ಕೆಲಸ. ಹದಿನಾಲ್ಕು ವರ್ಷ ಅದನ್ನೇ ಮಾಡಿದವಳ ಕಣ್ಣಿಗೆ ಒಂದು ಅಲ್ಪವಿರಾಮವೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಔಷಧಿ ಡಬ್ಬಿಯೊಳಗೆ ಮಡಿಸಿಟ್ಟ ಚೀಟಿಯನ್ನು ಪೂರ್ತಿ ಓದುವವರು ಯಾರಾದರೂ ಇದ್ದರೆ ಅದು ಅವಳು. ಮುಲಾಮಿನ ಚೀಟಿಯಲ್ಲಿ ಅಡ್ಡಪರಿಣಾಮಗಳು ಒಂದೂವರೆ ಪುಟ ಇದ್ದವು. ಚರ್ಮ ತೆಳುವಾಗಬಹುದು, ಬೆಳವಣಿಗೆ ಕುಂಠಿತವಾಗಬಹುದು. ಅವಳು ಮುಲಾಮನ್ನು ಅವತ್ತೇ ಕಸದ ಬುಟ್ಟಿಗೆ ಹಾಕಿದಳು.

ಒಬ್ಬರಿಗೆ ರೋಗ ಬಂದರೆ ಊರವರೆಲ್ಲ ವೈದ್ಯರು. ಒಬ್ಬಳು ಎಣ್ಣೆ ಹೇಳಿದಳು, ಇನ್ನೊಬ್ಬಳು ಜೇನುತುಪ್ಪ ಹೇಳಿದಳು, ಮೇಲಿನ ಮನೆಯವನು ಉಪ್ಪುನೀರಿನ ಸ್ನಾನ ಹೇಳಿದ. ಉಪ್ಪುನೀರಿಗೆ ಗುಬ್ಬಿ ಕಿರುಚಿದ ಕಿರುಚಾಟಕ್ಕೆ ಅವನೇ ಕೆಳಗಿಳಿದು ಬಂದು, "ಬೇಡ ಬಿಡಿ, ನಾನು ಸುಮ್ನೆ ಹೇಳಿದ್ದು" ಎಂದ. ಕೊನೆಗೆ ಸಿಕ್ಕಿದವರು ಸೊಪ್ಪಿನ ಮೇಷ್ಟ್ರು.

ಅವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ತಾರಸಿಯ ತುಂಬ ಕುಂಡಗಳಲ್ಲಿ ಸೊಪ್ಪು ಬೆಳೆಸಿದ್ದರು. ಹಿಂದೊಮ್ಮೆ ಅವರಿಗೂ ಮೈಯೆಲ್ಲ ತುರಿಕೆ ಹತ್ತಿ, ಊಟದಲ್ಲಿ ಒಂದೊಂದನ್ನೇ ಬಿಟ್ಟು ವಾಸಿ ಮಾಡಿಕೊಂಡಿದ್ದರಂತೆ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಅದಕ್ಕೇ ಜನ ಅವರನ್ನು ನಂಬುತ್ತಿದ್ದರು.

"ಚರ್ಮ ಅನ್ನೋದು ಹೊಟ್ಟೆಯ ಕನ್ನಡಿ ಕಣಮ್ಮ" ಎಂದರು ಮೇಷ್ಟ್ರು. "ಮೊದಲು ಹಾಲು ಬಿಡಿಸು. ಹಾಲು, ಮೊಸರು, ಬೆಣ್ಣೆ, ಎಲ್ಲ. ಮೂರು ವಾರ ಬಿಟ್ಟು ನೋಡು."

ಅಲ್ಲಿಯತನಕ ಗುಬ್ಬಿ ದಿನಕ್ಕೆ ಎರಡು ಲೋಟ ಹಾಲು ಕುಡಿಯುತ್ತಿದ್ದಳು. ಕುಡಿದು ಮೀಸೆ ಮಾಡಿಕೊಂಡು ಅಪ್ಪನಿಗೆ ತೋರಿಸುತ್ತಿದ್ದಳು. ಐದನೇ ವಯಸ್ಸಿಗೆ ಅದು ನಿಂತಿತು. ಮೂರು ವಾರಕ್ಕೆ ಚರ್ಮ ನಿಜವಾಗಿಯೂ ತಿಳಿಯಾಯಿತು. ಆ ಹೊತ್ತಿಗೆ ಚಳಿಗಾಲವೂ ಮುಗಿದಿತ್ತು ಎಂಬುದು ಯಾರ ತಲೆಗೂ ಹೋಗಲಿಲ್ಲ. ಮುಂದಿನ ಚಳಿಗೆ ಇಸುಬು ಮರಳಿದಾಗ ಮೇಷ್ಟ್ರು ಮೊಟ್ಟೆ ಬಿಡಿಸಿದರು. ಆಮೇಲೆ ಗೋಧಿ. ಆಮೇಲೆ ಕಡಲೆಕಾಯಿ, ಮೀನು, ಹುಳಿ ಹಣ್ಣು, ಟೊಮೇಟೊ, ಸಕ್ಕರೆ. ತಾಯಿ ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿದಳು. ಬಿಟ್ಟದ್ದನ್ನೆಲ್ಲ ಅದರಲ್ಲಿ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತ ಬಂದಳು. ಎರಡು ವರ್ಷದಲ್ಲಿ ಉಳಿದದ್ದು ಅನ್ನ, ಬೇಯಿಸಿದ ಕುಂಬಳಕಾಯಿ, ಸೌತೆಕಾಯಿ, ಬೆಳಿಗ್ಗೆ ಬರಿಹೊಟ್ಟೆಗೆ ಕಹಿ ಸೊಪ್ಪಿನ ಕಷಾಯ.

ಗುಬ್ಬಿ ಹಟ ಮಾಡುತ್ತಿರಲಿಲ್ಲ. ಅದನ್ನೇ ದರ್ಜಿಗೆ ನೋಡಲಾಗುತ್ತಿರಲಿಲ್ಲ.

ಅವನು ಜಗಳಕ್ಕೆ ಹೆದರುವ ಮನುಷ್ಯ. ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯುಸ್ಸು ಎಂದು ನಂಬಿ ಬದುಕಿದವನು. ಗಿರಾಕಿ ಬೈದರೆ ತನ್ನ ತಪ್ಪಲ್ಲದಿದ್ದರೂ ಬಿಚ್ಚಿ ಮತ್ತೆ ಹೊಲಿದು ಕೊಡುತ್ತಿದ್ದ. ಶಾಲೆ ಶುರುವಾಗುವ ಮುಂಚೆ ಮಗಳಿಗೆ ಹೊಸ ಅಂಗಿ ಹೊಲಿಯಲು ಅಳತೆ ತೆಗೆದಾಗ ಅವನ ಕೈಯಲ್ಲಿದ್ದ ಟೇಪು ನಿಂತುಬಿಟ್ಟಿತು. ಎದೆಯ ಸುತ್ತಳತೆ ಹೋದ ವರ್ಷದಷ್ಟೇ ಇತ್ತು. ಸೊಂಟದ್ದು ಅರ್ಧ ಇಂಚು ಕಡಿಮೆಯಾಗಿತ್ತು. ಮೂವತ್ತು ವರ್ಷದಲ್ಲಿ ಎಷ್ಟೋ ಮಕ್ಕಳ ಅಳತೆ ತೆಗೆದಿದ್ದ. ಹಿಂದಕ್ಕೆ ಬೆಳೆಯುವ ಮಗುವನ್ನು ಅವನು ಕಂಡಿರಲಿಲ್ಲ.

ಅವತ್ತು ಸಂಜೆ ಅವನು ಹೆಂಡತಿಯ ಹತ್ತಿರ ಮಾತು ತೆಗೆದ. "ಗುಬ್ಬಿ ಬಹಳ ಸೊರಗಿದಾಳೆ ಕಣೇ. ಅಳತೆ ಕಮ್ಮಿ ಬಂತು."

"ಅಳತೆ ನೋಡಬೇಡಿ, ಚರ್ಮ ನೋಡಿ. ಮೊಣಕೈ ಎಷ್ಟು ತಿಳಿಯಾಗಿದೆ."

"ಕತ್ತಿನ ಹಿಂದೆ ಇನ್ನೂ ಹಾಗೇ ಇದೆಯಲ್ಲ."

"ಅದಕ್ಕೇ ಮೇಷ್ಟ್ರು ಇನ್ನೇನೋ ತಪ್ಪಿದೆ ಅಂತಿದ್ದಾರೆ. ಹುಡುಕ್ತಿದೀನಿ." ಅವಳು ಕರಡಿನಿಂದ ತಲೆಯೆತ್ತಲಿಲ್ಲ. "ರೀ, ಅವಳು ಪರಚಿಕೊಳ್ಳುವಾಗ ಕೈ ಹಿಡ್ಕೊಂಡು ಕೂರೋಳು ನಾನು. ನಿಮಗೆ ಬೇರೆ ದಾರಿ ಗೊತ್ತಿದ್ರೆ ಹೇಳಿ."

ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಅವಳ ಕಣ್ಣ ಕೆಳಗಿನ ಕಪ್ಪು ನೋಡಿ ಟೇಪು ಸುತ್ತಿ ಜೇಬಿಗಿಟ್ಟ.

ಶನಿವಾರ ಅರ್ಧ ದಿನ ಶಾಲೆ. ಗುಬ್ಬಿ ನೇರ ಅಂಗಡಿಗೆ ಬಂದು ಕತ್ತರಿ ಮೇಜಿನ ಕೆಳಗೆ ಚಿಂದಿಬಟ್ಟೆಯ ರಾಶಿಯ ಮೇಲೆ ಕೂತುಕೊಳ್ಳುತ್ತಿದ್ದಳು. ಆ ಶನಿವಾರವೂ ಬಂದಳು. ಸ್ವಲ್ಪ ಹೊತ್ತಿನ ಮೇಲೆ ದರ್ಜಿ ಬಗ್ಗಿ ನೋಡಿದರೆ, ಅವಳು ಒಂದು ಚಾಕೊಲೇಟಿನ ಖಾಲಿ ಕಾಗದವನ್ನು ಮೂಗಿಗೆ ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು.

"ತಿಂದ್ಯಾ ಮಗಳೇ?"

"ಇಲ್ಲಪ್ಪ. ಕ್ಲಾಸಲ್ಲಿ ಒಬ್ಬಳ ಹುಟ್ಟಿದಹಬ್ಬ. ನನ್ನ ಪಾಲಿನದು ಪಕ್ಕದವಳಿಗೆ ಕೊಟ್ಟೆ. ಕಾಗದ ಮಾತ್ರ ವಾಪಸ್ ಇಸ್ಕೊಂಡೆ. ವಾಸನೆ ನೋಡಿದ್ರೆ ಏನೂ ಆಗಲ್ಲ ಅಲ್ವಾ?"

ದರ್ಜಿ ಮಿಷನ್ನಿನ ಪೆಡಲಿನಿಂದ ಕಾಲು ತೆಗೆದ. ಹೆಂಡತಿಯ ಎದುರು ನಿಂತು ಸಾಕು ಎನ್ನುವ ಧೈರ್ಯ ಅವನಿಗೆ ಯಾವತ್ತೂ ಬಂದಿರಲಿಲ್ಲ. ಬಂದದ್ದು ಇಷ್ಟೇ: ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಮಗಳ ಕೈ ಹಿಡಿದು, ಹಿಂದಿನ ಬೀದಿಯ ಐಸ್‌ಕ್ರೀಮ್ ಅಂಗಡಿಗೆ ಹೋದ.

"ಅಮ್ಮನಿಗೆ ಹೇಳಬಾರದು."

"ಹೇಳಲ್ಲ."

"ಯಾರು ಕೇಳಿದ್ರೂ."

"ಯಾರು ಕೇಳಿದ್ರೂ ಹೇಳಲ್ಲಪ್ಪ. ನಿನ್ನಾಣೆ."

ಬಿಳಿ ಐಸ್‌ಕ್ರೀಮಿನ ಒಂದು ಚಿಕ್ಕ ಬಟ್ಟಲು. ಮೊದಲ ಚಮಚವನ್ನು ಅವಳು ನುಂಗದೆ ಬಾಯಲ್ಲೇ ಇಟ್ಟುಕೊಂಡಳು. ಆಮೇಲೆ ಬೇಗಬೇಗ ತಿಂದಳು. ಅರ್ಧ ಬಟ್ಟಲು ಮುಗಿಯುವಷ್ಟರಲ್ಲಿ ಚಮಚ ಕೆಳಗಿಟ್ಟು ತುಟಿ ಉಜ್ಜಿಕೊಂಡಳು.

"ಅಪ್ಪ, ತುಟಿ ಜುಮ್ಮ್ ಅಂತಿದೆ."

"ತಣ್ಣಗಿದೆಯಲ್ಲ, ಅದಕ್ಕೆ."

"ಗಂಟಲೊಳಗೂ ತುರಿಸ್ತಿದೆ."

ಅವಳು ಕೆಮ್ಮತೊಡಗಿದಳು. ಕುತ್ತಿಗೆಯ ಮೇಲೆ ಸೊಳ್ಳೆ ಕಚ್ಚಿದಂಥ ದದ್ದುಗಳು ಎದ್ದು ಒಂದಕ್ಕೊಂದು ಕೂಡಿಕೊಂಡವು. ತಿಂದದ್ದನ್ನೆಲ್ಲ ಅಂಗಡಿಯ ಮೆಟ್ಟಿಲ ಮೇಲೆ ವಾಂತಿ ಮಾಡಿದಳು. ದರ್ಜಿ ಅವಳನ್ನು ಎತ್ತಿಕೊಂಡು ಓಡಿದ. ಓಡುತ್ತಲೇ ಕರವಸ್ತ್ರದಿಂದ ಅವಳ ಬಾಯಿ ಒರೆಸಿದ, ಗಲ್ಲ ಒರೆಸಿದ, ಅಂಗಿಯ ಮುಂದೆ ಬಿದ್ದಿದ್ದ ಬಿಳಿ ಕಲೆಯನ್ನು ಒರೆಸಿದ. ಯಾಕೆ ಒರೆಸಿದೆ ಎಂದು ಆಮೇಲೆ ಅವನು ಸಾವಿರ ಸಲ ತನ್ನನ್ನೇ ಕೇಳಿಕೊಂಡ. ಉತ್ತರ ಅವನಿಗೆ ಗೊತ್ತಿತ್ತು.

ಬೀದಿಯ ತುದಿಯಲ್ಲಿದ್ದ ಕ್ಲಿನಿಕ್ಕಿಗೆ ನುಗ್ಗಿದಾಗ ಗುಬ್ಬಿಯ ಉಸಿರು ಸೀಟಿಯಂತೆ ಕೇಳುತ್ತಿತ್ತು. ಡಾಕ್ಟರು ಅವಳನ್ನು ಮಂಚದ ಮೇಲೆ ಕೂರಿಸಿ ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ದರ್ಜಿ ಓಡಿದ್ದನ್ನು ಕಂಡಿದ್ದ ಬೀಗ ರಿಪೇರಿಯವನು ಮುದ್ರಣಾಲಯಕ್ಕೆ ಸುದ್ದಿ ಮುಟ್ಟಿಸಿದ್ದ. ಎರಡೇ ನಿಮಿಷದಲ್ಲಿ ತಾಯಿ ಬಂದಳು. ಬೆರಳುಗಳಿಗೆ ಕೆಂಪು ಶಾಯಿ ಮೆತ್ತಿತ್ತು.

"ಉಬ್ಬಸ ಇದೆಯಾ ಮೊದಲಿಂದ?"

"ಇಲ್ಲ ಡಾಕ್ಟ್ರೇ. ಚಳಿಗೆ ಒಂದೆರಡು ಸಲ ಬಂದಿತ್ತು" ಎಂದಳು ತಾಯಿ.

"ಈ ಚರ್ಮ?"

"ಇಸುಬು. ಹುಟ್ಟಿದಾಗಿಂದ."

"ಏನಾದರೂ ತಿಂದಳಾ ಈಗ?"

"ಹೊರಗಿನದು ಒಂದು ತುತ್ತೂ ತಿನ್ನಲ್ಲ ಇವಳು. ನಾನು ಪಥ್ಯ ಮಾಡಿಸ್ತೀನಿ."

ಡಾಕ್ಟರು ದರ್ಜಿಯ ಕಡೆ ತಿರುಗಿದರು. "ನಿಮ್ಮ ಜೊತೆ ಇದ್ದಳಲ್ಲ. ಏನಾದರೂ ಕೊಟ್ಟಿದ್ದೀರಾ?"

ಹೆಂಡತಿ ಅವನನ್ನೇ ನೋಡುತ್ತಿದ್ದಳು. "ಇಲ್ಲ" ಎಂದ ದರ್ಜಿ. "ಮನೆ ಊಟವೇ."

ಇಸುಬಿನ ಮೈಯಲ್ಲಿ ಹೊಸ ದದ್ದು ಯಾವುದು, ಹಳೆಯದು ಯಾವುದು? ಡಾಕ್ಟರು ಉಬ್ಬಸವೆಂದು ತಿಳಿದು ಗುಬ್ಬಿಯ ಮುಖಕ್ಕೆ ಔಷಧಿಯ ಹಬೆ ಬರುವ ಮುಖವಾಡ ಇಟ್ಟರು. ಮಿಷನ್ನು ಗುರ್ರೆಂದಿತು. ಅವಳ ತುಟಿ ಮುಖವಾಡದೊಳಗೆ ದಪ್ಪವಾಗುತ್ತ ಹೋಯಿತು. ಡಾಕ್ಟರು ಅನುಮಾನಗೊಂಡು ಮಗುವಿನ ಹತ್ತಿರ ಬಗ್ಗಿದರು.

"ಪುಟ್ಟಾ, ನೀನು ಏನಾದರೂ ತಿಂದ್ಯಾ? ನಿಜ ಹೇಳು, ಯಾರೂ ಬೈಯಲ್ಲ."

ಗುಬ್ಬಿ ಅಪ್ಪನನ್ನು ನೋಡಿದಳು. ಆಮೇಲೆ ಇಲ್ಲವೆಂದು ತಲೆಯಾಡಿಸಿದಳು. ಉಸಿರು ಸಿಗದೆ ಕುತ್ತಿಗೆಯ ಗುಳಿ ಒಳಕ್ಕೆ ಹೋಗುತ್ತಿತ್ತು. ಆದರೂ ಇನ್ನೊಮ್ಮೆ ತಲೆಯಾಡಿಸಿದಳು.

ದರ್ಜಿ ಮಂಚದ ಹತ್ತಿರ ಬಂದ. "ಐಸ್‌ಕ್ರೀಮ್" ಎಂದ. ಮಿಷನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಮತ್ತೆ ಹೇಳಿದ, "ಐಸ್‌ಕ್ರೀಮ್ ಕೊಡಿಸಿದೆ. ಹಾಲಿನದು. ಎರಡು ವರ್ಷದಿಂದ ಹಾಲು ಮುಟ್ಟಿರಲಿಲ್ಲ."

ಡಾಕ್ಟರು ಬೀರು ತೆರೆದು ಸೂಜಿ ತೆಗೆದು ಗುಬ್ಬಿಯ ತೊಡೆಗೆ ಚುಚ್ಚಿದರು. ಆ್ಯಂಬುಲೆನ್ಸ್ ಬರುವ ಮೊದಲೇ ಇನ್ನೊಂದು ಚುಚ್ಚಿದರು. ಅಷ್ಟರಲ್ಲಿ ಮಗುವಿನ ತುಟಿ ನೀಲಿಯಾಗಿ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು.

ದೊಡ್ಡಾಸ್ಪತ್ರೆಯಲ್ಲಿ ಎರಡು ದಿನ ಅವಳ ಗಂಟಲಲ್ಲಿ ಉಸಿರಾಟದ ಕೊಳವೆ ಇತ್ತು. ಗಂಡ ಹೆಂಡತಿ ಹೊರಗಿನ ಬೆಂಚಿನ ಎರಡು ತುದಿಗಳಲ್ಲಿ ಕೂತಿದ್ದರು. ಎರಡನೇ ದಿನ ಮಧ್ಯಾಹ್ನ ಹೆಂಡತಿ ಮೊದಲ ಬಾರಿ ಬಾಯಿ ಬಿಟ್ಟಳು.

"ನೀವು ಇಲ್ಲ ಅಂದಮೇಲೆ ಹೌದು ಅನ್ನೋದಕ್ಕೆ ಎಷ್ಟು ನಿಮಿಷ ಆಯ್ತು?"

"ಗೊತ್ತಿಲ್ಲ."

"ಗೋಡೆ ಮೇಲೆ ಗಡಿಯಾರ ಇತ್ತು."

"ನಾನು ನೋಡಲಿಲ್ಲ ಕಣೇ."

"ನಾನು ನೋಡಿದೆ. ಒಂಬತ್ತು ನಿಮಿಷ."

ಅವನು ತಲೆ ತಗ್ಗಿಸಿದ. "ನಿನಗೆ ಹೆದರಿದೆ."

"ನಾನು ಅಷ್ಟೊಂದು ಕೆಟ್ಟವಳಾ?"

"ಅಲ್ಲ. ನಾನು ಅಷ್ಟು ಪುಕ್ಕಲ."

ಮೂರನೇ ದಿನ ಕೊಳವೆ ತೆಗೆದರು. ಗುಬ್ಬಿ ಕಣ್ಣು ಬಿಟ್ಟು ಒಡೆದ ಗಂಟಲಲ್ಲಿ ಮೊದಲು ಕೇಳಿದ್ದು, "ಅಮ್ಮನಿಗೆ ಗೊತ್ತಾಯ್ತಾ?" ಎಂದು. ತಾಯಿ ಪಕ್ಕದಲ್ಲೇ ನಿಂತಿದ್ದಳು. ಅವಳು ಹೊರಗೆ ಹೋಗಿ ಹೆಂಗಸರ ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಹದಿನಾಲ್ಕು ವರ್ಷ ತಪ್ಪು ಹುಡುಕಿದವಳು ಅವತ್ತು ತನ್ನದೊಂದನ್ನು ಕಂಡಿದ್ದಳು. ಆದರೆ ಅದು ಇನ್ನೂ ಪೂರ್ತಿ ಕಂಡಿರಲಿಲ್ಲ.

ಪೂರ್ತಿ ಕಂಡದ್ದು ಚರ್ಮದ ಡಾಕ್ಟರ ಕೋಣೆಯಲ್ಲಿ. ಆಕೆ ವಯಸ್ಸಾದ ಹೆಂಗಸು, ಮಾತು ನಿಧಾನ. ಗುಬ್ಬಿಯ ತೂಕ ನೋಡಿದರು, ಉಗುರು ನೋಡಿದರು, ಒಸಡು ನೋಡಿದರು. ತಾಯಿ ಗೋಡೆಯಿಂದ ಬಿಡಿಸಿ ತಂದಿದ್ದ ಎರಡು ವರ್ಷದ ಪಥ್ಯದ ಹಾಳೆಯನ್ನು ಮೇಲಿನಿಂದ ಕೆಳಗಿನ ತನಕ ಓದಿದರು.

"ಪಥ್ಯಕ್ಕೆ ಮೊದಲು ಹಾಲು ಕುಡಿತಿದ್ದಳಾ?"

"ದಿನಾ ಎರಡು ಲೋಟ."

"ಆಗ ಹೀಗೆ ಆಗಿತ್ತಾ?"

"ಇಲ್ಲ."

ಡಾಕ್ಟರು ಕನ್ನಡಕ ತೆಗೆದರು. "ಇಸುಬು ಇರೋ ಕೆಲವು ಮಕ್ಕಳಲ್ಲಿ ಹೀಗಾಗುತ್ತಮ್ಮ. ದಿನಾ ತಿನ್ನೋದನ್ನ ಮೈ ತನ್ನದು ಅಂದ್ಕೊಂಡಿರುತ್ತೆ. ಬಹಳ ದಿನ ದೂರ ಇಟ್ಟುಬಿಟ್ರೆ ಅದನ್ನೇ ಶತ್ರು ಅಂದ್ಕೊಂಡುಬಿಡುತ್ತೆ. ಎಲ್ಲರಿಗೂ ಆಗಲ್ಲ. ಯಾರಿಗೆ ಆಗುತ್ತೆ ಅಂತ ಮೊದಲೇ ಹೇಳೋಕೂ ಬರಲ್ಲ."

"ಹಾಗಾದ್ರೆ ನಾನು ಬಿಡಿಸದೇ ಇದ್ದಿದ್ರೆ..."

ಡಾಕ್ಟರು ಎರಡು ಮುಲಾಮು ಬರೆದರು. ಒಂದು ಮೈಗೆಲ್ಲ ದಿನಕ್ಕೆ ಮೂರು ಸಲ ಬಳಿಯುವ ದಪ್ಪನೆಯದು. ಇನ್ನೊಂದು ಕೆಂಪಾದ ಕಡೆ ಮಾತ್ರ, ಲೆಕ್ಕದ ದಿನಗಳಿಗೆ. "ಈ ಎರಡನೇದರ ಚೀಟಿ ಓದಿ ಹೆದರ್ಬೇಡಿ. ಅನುಮಾನ ಬಂದ್ರೆ ನನ್ನ ಹತ್ರ ಬನ್ನಿ, ಚೀಟಿ ಹತ್ರ ಹೋಗ್ಬೇಡಿ."

ಅದು ತಾಯಿ ಎಸೆದಿದ್ದ ಮುಲಾಮೇ. ಡಬ್ಬಿಯ ಬಣ್ಣವೂ ಅದೇ. ಐದು ವಾರದಲ್ಲಿ ಗುಬ್ಬಿಯ ಕತ್ತಿನ ಹಿಂದೆ ಹೊಸ ಚರ್ಮ ಬಂತು. ಅದನ್ನು ನೋಡಿ ಸಂತೋಷಪಡುವ ಶಕ್ತಿ ತಾಯಿಯಲ್ಲಿ ಉಳಿದಿರಲಿಲ್ಲ. ಅವಳು ಮುಲಾಮು ಹಚ್ಚುವಾಗ ಮಗಳ ಮುಖ ನೋಡುತ್ತಿರಲಿಲ್ಲ. ಹಾಲು ಮಾತ್ರ ಈಗ ನಿಜವಾಗಿಯೂ ವಿಷವಾಗಿತ್ತು. ತೊಡೆಗೆ ಚುಚ್ಚುವ ಔಷಧಿಯ ಎರಡು ಪೆನ್ನುಗಳು ಗುಬ್ಬಿಯ ಶಾಲೆಯ ಚೀಲದಲ್ಲಿ ಸದಾ ಇರಬೇಕೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು.

ಸೊಪ್ಪಿನ ಮೇಷ್ಟ್ರು ಒಂದು ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತರು. ಒಂದೇ ತಿಂಗಳಲ್ಲಿ ಮುದುಕರಾಗಿಬಿಟ್ಟಿದ್ದರು. "ನನಗೆ ವಾಸಿಯಾಗಿತ್ತಮ್ಮ" ಎಂದರು. "ನನಗೆ ನಿಜವಾಗಿಯೂ ವಾಸಿಯಾಗಿತ್ತು."

"ನೀವು ಒಳ್ಳೆಯವರೇ ಮೇಷ್ಟ್ರೇ" ಎಂದಳು ತಾಯಿ. "ಇನ್ನು ಬರಬೇಡಿ."

ಅವರು ಹೋದ ಮೇಲೆ ಅವಳು ಬಾಗಿಲಿಗೆ ಒರಗಿ ಬಹಳ ಹೊತ್ತು ನಿಂತಿದ್ದಳು. ಅವರನ್ನು ಬೈದು ಕಳಿಸಿದ್ದರೆ ತನಗೆ ಹಗುರವಾಗುತ್ತಿತ್ತು ಎಂದು ಅನಿಸಿತು. ಆದರೆ ಪಥ್ಯಕ್ಕೆ ಒತ್ತಾಯ ಮಾಡಿದವರು ಅವರಲ್ಲ, ತಾನೇ.

ಗೋಧಿ, ಮೊಟ್ಟೆ, ಮೀನು, ಹಣ್ಣು ಎಲ್ಲವನ್ನೂ ಆಸ್ಪತ್ರೆಯಲ್ಲೇ, ನರ್ಸಿನ ಎದುರು, ಒಂದೊಂದಾಗಿ ಕೊಟ್ಟು ನೋಡಿದರು. ಯಾವುದೂ ಏನೂ ಮಾಡಲಿಲ್ಲ. ಎರಡು ವರ್ಷ ಗುಬ್ಬಿ ಅವುಗಳನ್ನು ಸುಮ್ಮನೆ ಬಿಟ್ಟಿದ್ದಳು. ಈಗ ತಿನ್ನಬಹುದು ಎಂದಾಗ ಅವಳು ತಿನ್ನಲೊಲ್ಲಳು. ತಟ್ಟೆ ಮುಂದಿಟ್ಟರೆ ಬಾಯಿ ಬಿಗಿ ಹಿಡಿಯುತ್ತಿದ್ದಳು. ಅನ್ನ, ಕುಂಬಳಕಾಯಿ ಬಿಟ್ಟು ಇನ್ನೇನನ್ನೂ ಮುಟ್ಟುತ್ತಿರಲಿಲ್ಲ. ಅಪ್ಪ ಏನಾದರೂ ಕೊಡಲು ಕೈ ಚಾಚಿದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದಳು. ಸಿಟ್ಟಿನಿಂದಲ್ಲ. ಬಿಸಿ ಪಾತ್ರೆಯಿಂದ ಮಕ್ಕಳು ಕೈ ಹಿಂದೆಗೆಯುವ ಹಾಗೆ.

ಒಂದು ಭಾನುವಾರ ಮಧ್ಯಾಹ್ನ ದರ್ಜಿ ತಾನೇ ಒಲೆಯ ಮುಂದೆ ನಿಂತು ಒಂದು ಮೊಟ್ಟೆ ಬೇಯಿಸಿದ. ಸಿಪ್ಪೆ ಸುಲಿದು, ನಾಲ್ಕು ಭಾಗ ಮಾಡಿ, ಮೂವರೂ ಕೂತಿದ್ದ ಮೇಜಿನ ನಡುವೆ ಇಟ್ಟ. ಒಂದು ಭಾಗ ತಾನು ತಿಂದ. ಹೆಂಡತಿ ಒಂದು ಭಾಗ ತಿಂದಳು.

ಗುಬ್ಬಿ ತಟ್ಟೆಯನ್ನು ನೋಡಿದಳು. "ಇದರಲ್ಲಿ ಹಾಲು ಇಲ್ವಾ?"

"ಇಲ್ಲ ಮಗಳೇ."

"ನಿಜ ಹೇಳ್ತಿದೀಯಾ ಅಪ್ಪ?"

ಅವನು ಆ ಪ್ರಶ್ನೆ ಇನ್ನು ಎಷ್ಟು ವರ್ಷ ಕೇಳಿಸಿಕೊಳ್ಳಬೇಕೋ ಎಂದು ಯೋಚಿಸುತ್ತಿದ್ದ. ಗುಬ್ಬಿ ತಾಯಿಯ ಕಡೆ ತಿರುಗಿದಳು. ತಾಯಿ ಗಂಡನನ್ನು ನೋಡಿದಳು. ಆಸ್ಪತ್ರೆಯ ಬೆಂಚಿನಿಂದ ಈಚೆಗೆ ಅವಳು ಅವನನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು.

"ನಿಜಾನೇ ಹೇಳ್ತಿದಾರೆ" ಎಂದಳು.

ಗುಬ್ಬಿ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದಳು. ನುಂಗಿ, ಗಂಟಲ ಮೇಲೆ ಕೈಯಿಟ್ಟುಕೊಂಡು ಕಾದಳು. ಇನ್ನೊಂದು ಚೂರು ತಿಂದಳು. ಆಮೇಲೆ ತಟ್ಟೆಯನ್ನು ಮೆಲ್ಲಗೆ ಅಪ್ಪನ ಕಡೆ ಸರಿಸಿ, "ಇವತ್ತಿಗೆ ಇಷ್ಟು ಸಾಕಪ್ಪ" ಎಂದು ಎದ್ದು ಹೋದಳು.