ಮುಷ್ಟಿ ಚಾಚಿದ ಗರುಡ

ಸೀಮೆಎಣ್ಣೆ, ಸುಟ್ಟ ಮ್ಯಾಂಟಲ್, ಇಬ್ಬನಿಗೆ ನೆನೆದ ಬಟ್ಟೆ. ಕಾವಲುಗಾರ ಲಕ್ಕಪ್ಪ ಪೆಟ್ರೋಮ್ಯಾಕ್ಸ್ ದೀಪ ತಂದು ಪಕ್ಕದಲ್ಲಿಟ್ಟಾಗ ವೇದವಲ್ಲಿಯ ಮೂಗಿಗೆ ಬಡಿದದ್ದು ಚಿಕ್ಕಂದಿನ ಟೆಂಟ್ ಸಿನಿಮಾದ ವಾಸನೆ. ಹುರಿದ ಕಡಲೆಕಾಯಿಯೊಂದು ಇದ್ದಿದ್ದರೆ ಥೇಟ್ ಅದೇ.

"ಅವ್ವಾರೇ, ಬ್ಯಾಗ ರಂಗೋಲಿ ಬುಡಿ. ಕರೆಂಟು ಬರಂಗಿಲ್ಲ, ಇದ್ರಲ್ಲಿ ಎಣ್ಣೆ ಕಮ್ಮಿ ಐತೆ," ಎಂದ ಲಕ್ಕಪ್ಪ.

ವೇದವಲ್ಲಿ ರಂಗೋಲಿ ಪುಡಿಯನ್ನು ಬೆರಳ ಸಂದಿಗೆ ತೆಗೆದುಕೊಂಡಳು. ಧನುರ್ಮಾಸ ಪೂರ್ತಿ ಬೇಲೂರಿನ ದೇವಸ್ಥಾನದ ಅಂಗಳದಲ್ಲಿ ಬೆಳಗಿನ ಪೂಜೆಗೆ ಮುಂಚೆ ರಂಗೋಲಿ ಬಿಡುವವರು ಚೆಲುವಾಂಬತ್ತೆ. ಇವತ್ತು ಅವರು ತಾವಾಗಿಯೇ ಜಾಗ ಬಿಟ್ಟುಕೊಟ್ಟು ಪಕ್ಕಕ್ಕೆ ನಿಂತಿದ್ದರು. ಕಾರಣ, ಗುಡಿಯ ಆಡಳಿತ ನೋಡಿಕೊಳ್ಳುವ ಪಾರುಪತ್ತೇಗಾರ ಗೋಪಾಲಸ್ವಾಮಿಗಳು ವೇದವಲ್ಲಿಯ ಅಪ್ಪನಿಗೆ, ಅಂದರೆ ದೇವಸ್ಥಾನದ ಅಡುಗೆಯ ಸುಬ್ಬರಾಮಯ್ಯನಿಗೆ, ಒಂದು ಮಾತು ಹೇಳಿದ್ದರು: "ಮೊದಲು ಹುಡುಗಿ ಕೈ ನೋಡ್ತೀನಿ ಕಣಯ್ಯ. ಸರಿ ಅನ್ನಿಸಿದ್ರೆ ಮೈಸೂರಲ್ಲಿ ನಮ್ಮಕ್ಕನ ಮನೇಲಿದ್ದು ಚಿತ್ರ ಕಲೀಲಿ." ಬೇರೆ ಯಾರ ಮನೆಯಲ್ಲೂ ಮಗಳನ್ನು ಬಿಡಲು ಅಪ್ಪ ಒಪ್ಪುವವನಲ್ಲ. ಸಂಕ್ರಾಂತಿ ಕಳೆದರೆ ಜಾವಗಲ್ಲಿನಿಂದ ಹೆಣ್ಣು ನೋಡಲು ಬರುವವರಿದ್ದರು.

ಅವಳು ಗರುಡನ ರೆಕ್ಕೆಯಿಂದ ಶುರುಮಾಡಿದಳು. ಚಿತ್ರ ದೊಡ್ಡದಾಗುತ್ತ ಹೋಯಿತು. ವಾಸನೆ ಅವಳನ್ನು ಬಿಡಲಿಲ್ಲ.

ಪೇಟೆಯ ಬಯಲಲ್ಲಿ ಟೆಂಟು ಹಾಕಿದ ವರ್ಷಗಳಲ್ಲಿ, ದೇವಸ್ಥಾನದ ರಾತ್ರಿ ಮಂಗಳಾರತಿಯ ಗಂಟೆ ನಿಲ್ಲುವವರೆಗೂ ಟೆಂಟಿನವರು ಸಿನಿಮಾ ಶುರುಮಾಡುತ್ತಿರಲಿಲ್ಲ. ಗಂಟೆ ನಿಂತಿತೋ, ಅಪ್ಪ ಒದ್ದೆ ಪಂಚೆಯಲ್ಲೇ ಅವಳನ್ನು ಹೆಗಲಿಗೇರಿಸಿಕೊಂಡು ಓಡುತ್ತಿದ್ದ. ಮುಖವಾಡದ ವೀರ ಬೆನ್ನ ಮೇಲೆ ಕಪ್ಪು ಬಟ್ಟೆ ಹಾರಿಸಿಕೊಂಡು, ಒಂದು ಮುಷ್ಟಿ ಮುಂದೆ ಚಾಚಿ ಕೋಟೆಯಿಂದ ನೆಗೆದರೆ ಮರಳಿನ ಮೇಲೆ ಕೂತವರೆಲ್ಲ ಶಿಳ್ಳೆ ಹೊಡೆಯುತ್ತಿದ್ದರು. ಮಾರನೇ ದಿನ ಅದೇ ವೀರ ಇದ್ದಿಲಿನಲ್ಲಿ ಮನೆಯ ಗೋಡೆ ಮೇಲೆ ಹಾರುತ್ತಿದ್ದ. ಅಜ್ಜಿಯ ಬೈಗುಳಕ್ಕೆ ಅಮ್ಮ ಗೋಡೆಗೆಲ್ಲ ಸುಣ್ಣ ಹೊಡೆದಳು. ಒರಳುಕಲ್ಲಿನ ಹಿಂದಿದ್ದ ಒಂದು ಚಿತ್ರಕ್ಕೆ ಮಾತ್ರ ಹೊಡೆಯಲಿಲ್ಲ.

ಕೊನೆಯ ಗರಿ ಎಳೆದು, ನಡುವೆ ಕುಂಕುಮವಿಟ್ಟು ಕೈಮುಗಿದಳು. ಲಕ್ಕಪ್ಪ ದೀಪ ಎತ್ತಿ ಹಿಡಿದ. ಅವನ ಮುಖ ಅರಳಿತು.

"ಅಯ್! ಇವ್ನು ನಮ್ ಟೆಂಟಲ್ಲಿ ಬತ್ತಿದ್ನಲ್ಲ, ಅವ್ನೇ ಅಲ್ವಾ!"

ವೇದವಲ್ಲಿ ಬಗ್ಗಿ ನೋಡಿದಳು. ಗರುಡನ ಬಲಗೈ ಮುಷ್ಟಿ ಕಟ್ಟಿ ಮುಂದಕ್ಕೆ ಚಾಚಿತ್ತು. ಉತ್ತರೀಯ ಹಿಂದಕ್ಕೆ ಹಾರುತ್ತಿತ್ತು. ಎದುರಿಗೇ, ಹುಟ್ಟಿದಾಗಿನಿಂದ ದಿನವೂ ನೋಡಿದ ಕಲ್ಲಿನ ಗರುಡ ಒಳಗಿನ ಸ್ವಾಮಿಗೆ ಕೈಮುಗಿದು ನಿಂತಿದ್ದ.

"ಅಯ್ಯೋ ವೇದಾ, ಕೈ ಮುಗಿದೇ ಇಲ್ವಲ್ಲೇ!" ಚೆಲುವಾಂಬತ್ತೆ ಬಾಯಿ ಮೇಲೆ ಕೈಯಿಟ್ಟುಕೊಂಡರು. "ಕಣ್ಣೆಲ್ಲಿಟ್ಟಿದ್ದೆ?"

"ಅಳಿಸಿಬಿಡ್ಲಾ ಅತ್ತೆ?"

"ಕುಂಕುಮ ಇಟ್ಟಾಯ್ತಲ್ಲೇ. ಆರತಿ ಆಗೋ ತನಕ ಮುಟ್ಟೋ ಹಾಗಿಲ್ಲ."

ಮಹಾದ್ವಾರದ ಹೊರಗೆ ಪಾದುಕೆ ಬಿಡುವ ಸದ್ದು ಕೇಳಿಸಿತು. ಅತ್ತೆ ಬಗ್ಗಿ, ಪುಡಿ ಚೆಲ್ಲಿದ್ದನ್ನು ಗುಡಿಸುವವರಂತೆ ಅವಳ ಕಿವಿಯ ಹತ್ತಿರ ಬಂದರು. "ಕೇಳಿದ್ರೆ, ಅಮ್ಮನ್ನ ಬಿಡಿಸೋಕೆ ಅಮೃತ ತರೋಕೆ ಹೊರಟ ಗರುಡ ಅನ್ನು. ಆಗಿನ್ನೂ ಅವನು ಸ್ವಾಮಿಗೆ ವಾಹನ ಆಗಿರ್ಲಿಲ್ಲ, ಕೈ ಯಾಕೆ ಮುಗೀತಾನೆ? ಒಪ್ತಾರೆ ಕಣೇ."

ಗೋಪಾಲಸ್ವಾಮಿಗಳು ಬಂದು ನಿಂತರು. ಬಗ್ಗಿ ರಂಗೋಲಿ ನೋಡಿದರು.

"ಗರುಡ ಯಾರಿಗಮ್ಮ ಗುದ್ದೋಕೆ ಹೊರಟಿದ್ದಾನೆ?"

ಹಿಂದೆ ಪೂಜೆಗೆ ಬಂದವರಲ್ಲಿ ಯಾರೋ ಕಿಸಕ್ಕೆಂದರು. ಅವರು ನಗಲಿಲ್ಲ.

"ಇಂಥ ಗರುಡನ್ನ ಎಲ್ಲಿ ನೋಡ್ದೆ?"

ಅತ್ತೆಯ ಕಾಲು ಅವಳ ಕಾಲಿಗೆ ಮೆಲ್ಲಗೆ ತಾಗಿತು. ಅಮೃತದ ಮಾತು ನಾಲಗೆ ತುದಿಗೆ ಬಂದಿತ್ತು. ವೇದವಲ್ಲಿ ಕೆಳಗೆ ನೋಡಿದಳು. ಒರಳುಕಲ್ಲಿನ ಹಿಂದಿನವನೇ ಅವನು. ಇಷ್ಟು ವರ್ಷ ಅಲ್ಲಿದ್ದು ಈಗ ರೆಕ್ಕೆ ಬಂದವನು.

"ಟೆಂಟ್ ಸಿನಿಮಾದಲ್ಲಿ ಮಾಮ. ಚಿಕ್ಕವಳಿದ್ದಾಗ." ಮುಷ್ಟಿಯತ್ತ ಬೆರಳು ತೋರಿಸಿದಳು. "ಬೇಕೂಂತ ಬರೀಲಿಲ್ಲ. ಆದ್ರೆ ಹಾರೋದು ಅಂದ್ರೆ ನನ್ನ ಕೈಗೆ ಬರೋದು ಅದೇ."

ಅತ್ತೆ ಕಣ್ಣು ಮುಚ್ಚಿಕೊಂಡರು.

ಗೋಪಾಲಸ್ವಾಮಿಗಳು ಪಂಚೆಯ ಅಂಚು ಎತ್ತಿ ಹಿಡಿದು, ಗರಿಯೊಂದಕ್ಕೂ ಸೋಕದಂತೆ ಸುತ್ತುಬಳಸಿ ಒಳಗೆ ಹೋದರು. ಹಿಂದಿದ್ದವರೂ ಹಾಗೇ ಸುತ್ತಿಕೊಂಡು ಹೋದರು.

ವೇದವಲ್ಲಿ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಜಾವಗಲ್ಲಿನವರ ಮುಂದೆ ಉಡಲು ಅಮ್ಮ ತೆಗೆದಿಟ್ಟ ಸೀರೆಯ ನೆನಪಾಯಿತು. ಒಳಗೆ ಗಂಟೆ ಮೊಳಗಿತು, ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಅಪ್ಪ ಸೌಟು ಹಿಡಿದೇ ಬಂದು ನಿಂತ. ಅಂಗಳದ ಗರುಡನನ್ನು ನೋಡಿದ, ಮಗಳನ್ನು ನೋಡಿದ, ಮತ್ತೆ ಒಳಗೆ ಹೋದ. ಹುಗ್ಗಿ ಹಂಚುವ ಹೊತ್ತಾಗಿತ್ತು. ಮೊದಲ ದೊನ್ನೆ ಪಾರುಪತ್ತೇಗಾರರದು. ತಾಲ್ಲೂಕಿನ ಅಮಲ್ದಾರರು ಬಂದ ದಿನವೂ ಅದು ಬೇರೆಯವರ ಕೈಗೆ ಹೋದದ್ದಿಲ್ಲ.

ಬೆಳಕು ಹರಿಯುತ್ತಿತ್ತು. ಲಕ್ಕಪ್ಪ ದೀಪ ಆರಿಸಿದ. ಮತ್ತೆ ಅದೇ ವಾಸನೆ.

ಗೋಪಾಲಸ್ವಾಮಿಗಳ ಪಂಚೆಯ ಅಂಚು ಗರುಡನ ಮುಷ್ಟಿಯನ್ನು ಬಳಸಿಕೊಂಡು ಬಂದು ಅವಳೆದುರು ನಿಂತಿತು. ಅವಳು ತಲೆಯೆತ್ತುವ ಮೊದಲೇ ಹಬೆಯಾಡುವ ದೊನ್ನೆ ಕೆಳಗಿಳಿಯಿತು. ಅವರ ಪಾಲಿನ ಮೊದಲ ದೊನ್ನೆ, ಇನ್ನೂ ಯಾರೂ ಮುಟ್ಟದ್ದು. ಅವಳು ಪುಡಿ ಮೆತ್ತಿದ ಎರಡೂ ಕೈ ಒಡ್ಡಿದಳು. ಅವರ ಹೆಜ್ಜೆಯ ಸದ್ದು ಮಹಾದ್ವಾರದ ಕಡೆಗೆ ಹೋಯಿತು. ದೊನ್ನೆಯ ಎಲೆಯ ಮೂಲಕ ಹುಗ್ಗಿಯ ಬಿಸಿ ನಿಧಾನವಾಗಿ ಬೆರಳಿಗೆ ಇಳಿಯತೊಡಗಿತು.