ಮೊದಲ ಸಾಲಿನ ಪ್ರಶ್ನೆ

ಅವಳ ಕೈಗಳು ಎದೆಯ ಮಟ್ಟದಲ್ಲೇ ನಿಂತುಬಿಟ್ಟವು. ಎತ್ತರದ ಮರದ ಮೇಜಿಗೆ ಮೊಣಕೈಯೂರಿ ಪಂಡಿತರು ಮಾತು ಮುಂದುವರಿಸಿದ್ದರು. ಭಾನುವಾರಕ್ಕೊಂದು ಪದದಂತೆ ಆತ್ಮ, ಮಾಯೆ, ಧರ್ಮ ಮುಗಿಸಿ, ನಾಲ್ಕನೆಯ ವಾರ ಕರ್ಮಕ್ಕೆ ಬಂದಿದ್ದರು. ಪಕ್ಕದಲ್ಲಿ ನಿಂತು ಅವರು ಹೇಳಿದ್ದನ್ನೆಲ್ಲ ಸನ್ನೆ ಭಾಷೆಗೆ ಇಳಿಸುವುದು ಅವಳ ಕೆಲಸ. ಸಭಾಂಗಣದ ಕಾರ್ಯದರ್ಶಿಗಳು ಈ ಏರ್ಪಾಡಿನ ಬಗ್ಗೆ ಬೀದಿಬೀದಿಗೆ ಪೋಸ್ಟರ್ ಹಚ್ಚಿಸಿ ಬೀಗುತ್ತಿದ್ದರು. ಮೊದಲ ಸಾಲಿನಲ್ಲಿ ಕಿವಿ ಕೇಳದ ಒಂಬತ್ತು ಜನ. ಅವರ ನಡುವೆ ಅವಳ ಒಡಹುಟ್ಟಿದ ಅಣ್ಣ.

ಪಂಡಿತರು ಹೇಳಿದ್ದು ಇಷ್ಟು: "ಹಿಂದಿನ ಜನ್ಮದಲ್ಲಿ ಒಳ್ಳೆಯ ಮಾತಿಗೆ ಕಿವಿಗೊಡದವರು ಈ ಜನ್ಮದಲ್ಲಿ ಕಿವಿಯೇ ಕೇಳದೆ ಹುಟ್ಟುತ್ತಾರೆ. ದೂರ ಹೋಗಬೇಡಿ, ಮೊದಲ ಸಾಲನ್ನೇ ನೋಡಿ." ದನಿಯಲ್ಲಿ ಕರುಣೆಗೇನೂ ಕೊರತೆಯಿರಲಿಲ್ಲ. ಅವಳ ಮೈ ಉರಿದದ್ದೇ ಆ ಕರುಣೆಗೆ. ಹಿಂದೆ ಕುಳಿತವರೆಲ್ಲ ಕತ್ತು ಉದ್ದ ಮಾಡಿ ನೋಡತೊಡಗಿದರು.

ಕರ್ಮ ಎಂಬ ಪದ ಅವಳ ಮನೆಗೆ ಹೊಸತಲ್ಲ. ಚಿಕ್ಕಂದಿನಲ್ಲಿ ಬಂದವರೆಲ್ಲ ಅಣ್ಣನ ತಲೆ ಸವರಿ, ಯಾವ ಜನ್ಮದ ಕರ್ಮವೋ ಎಂದು ಲೊಚಗುಟ್ಟುತ್ತಿದ್ದರು. ಏನಂದರು ಎಂದು ಅವನು ತಂಗಿಯನ್ನು ಕೇಳಿದರೆ, ಎಷ್ಟು ಎತ್ತರ ಆಗಿದ್ದೀಯ ಅಂತಿದ್ದಾರೆ ಅನ್ನು ಎಂದು ಅಮ್ಮ ಹೇಳಿಕೊಡುತ್ತಿದ್ದಳು. ಪಾಪ, ಹೆತ್ತ ಕರುಳು. ಆದರೆ ಜನರ ತುಟಿಗಳ ಮೇಲೆ ಅಣ್ಣ ಎಲ್ಲಕ್ಕಿಂತ ಮೊದಲು ಗುರುತು ಹಿಡಿದ ಪದವೇ ಕರ್ಮ. ಹನ್ನೆರಡನೆಯ ವಯಸ್ಸಿನಲ್ಲಿ ಅವನು ತಂಗಿಯನ್ನು ಎದುರಿಗೆ ಕೂರಿಸಿಕೊಂಡು, ಅವರು ಅಂದದ್ದನ್ನು ತಡೆದುಕೊಳ್ಳುತ್ತೇನೆ, ನೀನು ಮುಚ್ಚಿಡುವುದನ್ನು ಮಾತ್ರ ತಡೆದುಕೊಳ್ಳಲಾರೆ ಎಂದಿದ್ದ. ಮುಂದೆ ಅವಳು ಕಲಿತ ಕೆಲಸದ ನಿಯಮವೂ ಅದೇ ಆಯಿತು. ಒಂದು ಮಾತು ಸೇರಿಸುವಂತಿಲ್ಲ, ಒಂದು ಮಾತು ಬಿಡುವಂತಿಲ್ಲ.

ಅಣ್ಣ ಈಗ ಪಂಡಿತರ ಕಡೆ ನೋಡುತ್ತಿರಲಿಲ್ಲ. ಅವರ ತುಟಿಯಿಂದ ಅವನಿಗೆ ಬೇಕಾದದ್ದು ಸಿಕ್ಕಾಗಿತ್ತು. ತಂಗಿ ಹೇಳುತ್ತಾಳೋ ನುಂಗಿಕೊಳ್ಳುತ್ತಾಳೋ ಎಂದು ಅವಳನ್ನೇ ನೋಡುತ್ತಿದ್ದ.

ಅವಳು ಹೇಳಿದಳು. ಮೊದಲ ಸಾಲನ್ನು ನೋಡಿ ಎಂದದ್ದನ್ನೂ ಬಿಡದೆ, ಅಷ್ಟನ್ನೂ ಸನ್ನೆಯಲ್ಲಿ ಹೇಳಿದಳು.

ಒಂಬತ್ತು ಮುಖಗಳೂ ಕಪ್ಪಿಟ್ಟವು. ಅಣ್ಣ ಎದ್ದು ನಿಂತ. ಅವನು ಬಡಗಿ, ಸನ್ನೆಯಲ್ಲೂ ಅದೇ ಅಚ್ಚುಕಟ್ಟು. ಅವನ ಕೈಗಳು ಆಡತೊಡಗಿದ್ದೇ, ಅವಳು ಪ್ರಶ್ನೆ ಕೇಳುವವರಿಗೆಂದು ಇಟ್ಟಿದ್ದ ಮೈಕನ್ನು ಎತ್ತಿಕೊಂಡಳು. ಸನ್ನೆಯನ್ನು ಮಾತಿಗೆ ತರುವಾಗ 'ನಾನು' ಎಂದರೆ ಸನ್ನೆ ಮಾಡಿದವನು, ದನಿಯಷ್ಟೇ ಅವಳದು.

"ಗುರುಗಳೇ, ಆತ್ಮಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ಎಲ್ಲರಲ್ಲೂ ಇರೋದು ಒಂದೇ ಅಂತ ಮೊದಲನೇ ವಾರ ಹೇಳಿದ್ರಿ. ಆ ಮಾತು ಕೇಳೋಕೆ ನಾನು ನಲವತ್ತೈದು ವರ್ಷ ಕಾದಿದ್ದೆ."

ಕಾರ್ಯದರ್ಶಿಗಳು ಸಾಕು ಸಾಕು ಎಂದು ಕೈಬೀಸಿದರು. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

"ಇವತ್ತು ಅದೇ ಬಾಯಲ್ಲಿ ನನ್ನ ಕಿವಿ ತೋರಿಸಿ ಪಾಪಿ ಅಂತಿದ್ದೀರಿ. ನನ್ನ ಹಿಂದಿನ ಜನ್ಮ ನಾನು ನೋಡಿಲ್ಲ. ನೀವೂ ನೋಡಿಲ್ಲ."

ಮೈಕು ಬಂದ್ ಆಯಿತು. ಕಾರ್ಯದರ್ಶಿಗಳು ಗೋಡೆಯ ಸ್ವಿಚ್ಚಿನ ಮೇಲೆ ಕೈಯಿಟ್ಟು, ಪೀಡೆ ತೊಲಗಿತು ಎಂಬಂತೆ ನಿಂತಿದ್ದರು. ಅಣ್ಣನಿಗೆ ಮೈಕಿದ್ದರೇನು, ಬಿಟ್ಟರೇನು. ಅವನ ಕೈಗಳು ಆಡುತ್ತಲೇ ಇದ್ದವು. ಹುಟ್ಟಿದಾಗಿನಿಂದ ಯಾರೆದುರೂ ದನಿಯೆತ್ತದವಳು ಮೈಕನ್ನು ಕೆಳಗಿಟ್ಟು, ಗಂಟಲು ಹರಿಯುವಂತೆ ಕೂಗಿ ಹೇಳಿದಳು:

"ಈ ಜನ್ಮದ್ದು ಬೇಕಾದ್ರೆ ಕೇಳಿ. ನೀವು ಮೊಣಕೈ ಊರಿರೋ ಮೇಜು ನಾನು ಮಾಡಿದ್ದು. ನನ್ನನ್ನ ಅಳೀಬೇಕು ಅಂದ್ರೆ ಅದನ್ನ ಅಳೀರಿ. ನನ್ನ ಕಿವಿ ಮುಟ್ಟಬೇಡಿ."

ಪಂಡಿತರು ಮೇಜಿನ ಮೇಲಿಂದ ಮೊಣಕೈ ತೆಗೆದರು. ಗಂಟಲು ಸರಿಮಾಡಿಕೊಂಡು, ಹೊತ್ತಾಯಿತು, ಉಳಿದದ್ದು ಮುಂದಿನ ವಾರ ಎಂದರು. ಬಾಗಿಲಲ್ಲಿ ಕಾರ್ಯದರ್ಶಿಗಳು ಅವಳನ್ನು ತಡೆದು, ಮುಂದಿನ ವಾರ ನೀವು ಬರುವುದು ಬೇಡ ಎಂದು ಮುಖ ಗಂಟಿಕ್ಕಿದರು. ವೇದಿಕೆ ಹತ್ತುವುದಿಲ್ಲ, ಮೊದಲ ಸಾಲಿನಲ್ಲಿ ಕೂರಲು ಬರುತ್ತೇನೆ ಎಂದಳು ಅವಳು. ಒಂಬತ್ತು ಜನರೂ ಅವಳ ಬೆನ್ನಿಗೇ ನಿಂತಿದ್ದರು.

ಹೊರಗೆ ಬಿಸಿಲು. ಅಣ್ಣ ಅವಳ ಭುಜ ತಟ್ಟಿ ಸನ್ನೆಯಲ್ಲಿ ಕೇಳಿದ: "ನನ್ನ ದನಿ ಹೇಗಿತ್ತು?"

ಇಷ್ಟು ವರ್ಷದಲ್ಲಿ ಅವನು ಹೀಗೆ ಕೇಳಿದ್ದು ಇದೇ ಮೊದಲು. ಅವಳಿಗೆ ಅಳು ಬಂತು, ನಗುವೂ ಬಂತು.

"ಕೊನೇ ಸಾಲಿನವರೆಗೂ ಕೇಳಿಸ್ತು," ಎಂದು ಕೈಯಲ್ಲೇ ಹೇಳಿದಳು.

ಅವನಿಗೆ ಅಷ್ಟು ಸಾಲಲಿಲ್ಲ. ಚಿಕ್ಕಂದಿನಲ್ಲಿ ಅವಳು ಹಾಡುವಾಗ ದನಿಯ ಅದುರು ತಿಳಿಯಲು ಮಾಡುತ್ತಿದ್ದಂತೆ ಎರಡು ಬೆರಳುಗಳನ್ನು ಅವಳ ಗಂಟಲಿಗೆ ಒತ್ತಿ ಹಿಡಿದು, ಇನ್ನೊಂದು ಸಲ ಹೇಳು ಎಂದು ಕಣ್ಣಲ್ಲೇ ಕೇಳಿದ. ಒಳಗಿನಿಂದ ಜನ ಹೊರಗೆ ಬರುತ್ತಿದ್ದರು. ಅವಳು ಮೇಜಿನ ಮಾತಿನಿಂದ ಶುರು ಮಾಡಿ, ಬೀದಿಗೇ ಕೇಳಿಸುವಂತೆ ಇನ್ನೊಂದು ಸಲ ಹೇಳಿದಳು.