ತುಂಬುವ ಕೋಣೆಯ ಕೆಮ್ಮು

ಬೆಳಗ್ಗೆ ಯಂತ್ರಗಳು ಶುರುವಾಗುವ ಮೊದಲು ಕಾರ್ಖಾನೆಯ ಜನವೆಲ್ಲ ಮಹಡಿ ಹತ್ತಿ, ಚಪ್ಪಲಿಗಳನ್ನು ಬಾಗಿಲ ಬಳಿ ಬಿಟ್ಟು, ಸಾಲಾಗಿ ಕುಳಿತುಕೊಳ್ಳುತ್ತಿದ್ದರು. ಅಲ್ಲಿ ತಯಾರಾಗುತ್ತಿದ್ದದ್ದು ಧ್ಯಾನಕ್ಕೆ ಕೂರುವ ದುಂಡನೆಯ ದಿಂಬುಗಳು. ದಿಂಬು ಮಾಡುವವರಿಗೇ ಅದರ ಮೇಲೆ ಕೂತ ಸುಖ ಗೊತ್ತಿಲ್ಲದಿದ್ದರೆ ಹೇಗೆ ಎಂದು ಯಜಮಾನಿ ಈ ಪದ್ಧತಿ ತಂದಿದ್ದಳು. ಅವಳು ಒಂದು ಪುಟ್ಟ ಗಂಟೆ ಬಾರಿಸಿದರೆ ಎಲ್ಲರೂ ಕಣ್ಣು ಮುಚ್ಚಬೇಕು, ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಗಮನಿಸಬೇಕು. ಮತ್ತೆ ಗಂಟೆಯಾದರೆ ಎದ್ದು ಕೆಲಸಕ್ಕೆ ಹೋಗಬೇಕು. ಕಟಿಂಗ್ ಮಾಸ್ಟರು ಗಮನಿಸುವುದು ಉಸಿರನ್ನಲ್ಲ, ಆಗತಾನೆ ಹೊಟ್ಟೆಗಿಳಿದ ತಿಂಡಿಯನ್ನು ಎಂದು ಹೊಲಿಗೆಯ ಹೆಂಗಸರು ನಗುತ್ತಿದ್ದರು.

ಯಜಮಾನಿಯದು ತೋರಿಕೆಯ ಭಕ್ತಿಯಲ್ಲ. ಅವಳು ಸೇರಿದ್ದು ಬುದ್ಧನನ್ನು ನಂಬಿದ ಮನೆಯನ್ನು. ಅತ್ತೆ ದಿನವೂ ಮೂರ್ತಿಯ ಮುಂದೆ ದೀಪ ಹಚ್ಚಿ, ಶರಣು ಹೇಳಿ, ಮೊಮ್ಮಕ್ಕಳಿಗೆ ಕಥೆ ಹೇಳುತ್ತಿದ್ದರು. ಅದೆಲ್ಲ ವಯಸ್ಸಾದವರ ಕಾಲಕ್ಷೇಪ ಎಂದು ಸೊಸೆ ಬಹಳ ವರ್ಷ ಅತ್ತ ತಲೆ ಹಾಕಿರಲಿಲ್ಲ. ಒಂದು ಹೊಲಿಗೆ ಸೊಟ್ಟಗಾದರೂ ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದವಳು, ಕೊನೆಗೆ ನಿದ್ದೆಯೇ ಬಾರದಂತಾದಾಗ ಒಂದು ಧ್ಯಾನಕೇಂದ್ರಕ್ಕೆ ಹೋಗಿ ಕೂತಳು. ಅಲ್ಲಿಂದ ಬಂದ ಮೇಲೆ ಅವಳ ದನಿ ತಗ್ಗಿತು, ಕಾರ್ಖಾನೆಯ ಜನ ನೆಮ್ಮದಿಯ ಉಸಿರು ಬಿಟ್ಟರು. ತನಗೆ ಸಿಕ್ಕಿದ್ದು ಅವರಿಗೂ ಸಿಗಲಿ ಎಂಬುದು ಅವಳ ಪ್ರಾಮಾಣಿಕವಾದ ಆಸೆ.

ಈ ಶಾಂತಿಗೆ ಅಡ್ಡಿಯಾದದ್ದು ದಿಂಬಕ್ಕನ ಕೆಮ್ಮು. ಕೆಳಗಿನ ತುಂಬುವ ಕೋಣೆಯಲ್ಲಿ ಹತ್ತಿ ಹಿಂಜುವ ಯಂತ್ರದ ಪಕ್ಕ ಕೂತು ಗವಸುಗಳಿಗೆ ಹತ್ತಿ ತುಂಬುವುದು ಅವಳ ಕೆಲಸ, ಆ ಹೆಸರು ಬಂದದ್ದೂ ಅದರಿಂದಲೇ. ಯಂತ್ರ ತಿರುಗಿದರೆ ಹತ್ತಿಯ ನವಿರು ಮೇಲೆದ್ದು ಕೋಣೆಯಿಡೀ ಆವರಿಸುತ್ತಿತ್ತು. ಸಂಜೆ ಅವಳು ಹೊರಗೆ ಬಂದರೆ ಹುಬ್ಬು, ರೆಪ್ಪೆ, ಕಿವಿಯ ಬಳಿಯ ಕೂದಲು ಎಲ್ಲ ಬೆಳ್ಳಗೆ. ಒಂದೇ ದಿನದಲ್ಲಿ ಅಜ್ಜಿಯಾದೆ ನೋಡಿ ಎಂದು ತಾನೇ ನಗುತ್ತಿದ್ದಳು. ಮುಖಕ್ಕೆ ಬಟ್ಟೆ ಕಟ್ಟಿದರೂ ಧೂಳು ಅದರೊಳಗೆ ನುಸುಳುತ್ತಿತ್ತು.

ಮಹಡಿಯ ಮೇಲೆ ಎಲ್ಲರೂ ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೇ ಅವಳಿಗೆ ಕೆಮ್ಮು ಹತ್ತುತ್ತಿತ್ತು. ಸೆರಗಿನಿಂದ ಬಾಯಿ ಮುಚ್ಚಿ ತಡೆದಷ್ಟೂ ಅದು ಜೋರಾಗುತ್ತಿತ್ತು. ಕೆಲವು ದಿನ ನೋಡಿದ ಯಜಮಾನಿ, ಪಾಪ, ಇವಳಿಗೂ ಸಂಕೋಚ, ಉಳಿದವರಿಗೂ ಕಿರಿಕಿರಿ ಎಂದುಕೊಂಡು, ನೀವು ಮೇಲೆ ಬರುವುದು ಬೇಡ, ಕೆಳಗೇ ಆರಾಮಾಗಿ ಕೂತಿರಿ ಎಂದು ಮೃದುವಾಗಿ ಹೇಳಿದಳು. ದಿಂಬಕ್ಕ ತಲೆಯಾಡಿಸಿದಳು. ಅಂದಿನಿಂದ ಮಹಡಿಯ ಮೇಲೆ ಯಾರೂ ಕೆಮ್ಮಲಿಲ್ಲ.

ಧೂಳನ್ನು ಹೊರಗೆ ಎಳೆಯುವ ಫ್ಯಾನ್ ಹಾಕಿಸಿ ಎಂದು ದಿಂಬಕ್ಕ ಮೊದಲೇ ಕೇಳಿದ್ದಳು. ಗೋಡೆ ಒಡೆಯಬೇಕು, ಕೋಣೆ ಮುಚ್ಚಬೇಕು, ಧ್ಯಾನಕೇಂದ್ರದ ದೊಡ್ಡ ಆರ್ಡರು ಕೈಯಲ್ಲಿರುವಾಗ ಅದಾಗದು ಎಂದು ಯಜಮಾನಿ ಮುಂದೂಡಿದ್ದಳು. ವೈದ್ಯರು ಎದೆಯ ಮೇಲೆ ಕೊಳವೆಯಿಟ್ಟು ನೋಡಿ, ಧೂಳು ಬಿಡು, ಇಲ್ಲವೇ ಕೆಲಸ ಬಿಡು ಎಂದ ಮೇಲೆ ದಿಂಬಕ್ಕ ಮತ್ತೆ ಬಂದು ನಿಂತಳು. ತಿಂಗಳ ಕೊನೆಗೆ ಬಿಟ್ಟುಹೋಗಬೇಕಾಗುತ್ತದೇನೋ ಎಂದಳು. ಆ ಕೆಲಸವೆಂದರೆ ಅವಳಿಗೆ ಪ್ರಾಣ ಎಂಬುದು ಎಲ್ಲರಿಗೂ ಗೊತ್ತಿತ್ತು.

ಯಜಮಾನಿಗೆ ನಿಜಕ್ಕೂ ಬೇಸರವಾಯಿತು. ಅವಳನ್ನು ಕೂರಿಸಿ, ತನಗೆ ತಿಳಿದ ಸಮಾಧಾನ ಹೇಳಿದಳು.

"ಕೆಮ್ಮನ್ನ ಶತ್ರು ಅಂದ್ಕೋಬೇಡಿ. ಬಂತು, ಹೋಯ್ತು ಅಂತ ಸುಮ್ನೆ ಗಮನಿಸಿ. ಯಾವುದೂ ಶಾಶ್ವತ ಅಲ್ಲ."

"ಬರೋದನ್ನ ದಿನಾ ಗಮನಿಸ್ತಾನೇ ಇದೀನಿ ಮೇಡಂ," ಎಂದಳು ದಿಂಬಕ್ಕ. "ಹೋಗೋದು ಮಾತ್ರ ಕಾಣ್ಲಿಲ್ಲ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಯಜಮಾನಿ ನಕ್ಕುಬಿಟ್ಟಳು. ಆ ನಗು ಮಾತ್ರ ಸಂಜೆಯವರೆಗೂ ಅವಳನ್ನು ಚುಚ್ಚುತ್ತಿತ್ತು.

ಅದೇ ವಾರ ಅತ್ತೆ ಕಾರ್ಖಾನೆಗೆ ಬಂದರು. ಮಂಡಿನೋವಿಗೆ ಮನೆಯ ದಿಂಬು ತೆಳ್ಳಗಾಯಿತು, ದಪ್ಪನೆಯದೊಂದು ಬೇಕು ಎಂಬುದು ನೆಪ, ಸೊಸೆಯ ಧ್ಯಾನ ಹೇಗೆ ನಡೆಯುತ್ತದೆ ನೋಡೋಣವೆಂಬ ಕುತೂಹಲವೂ ಇತ್ತು. ಎಲ್ಲರೊಂದಿಗೆ ಅವರೂ ಕೂತರು. ಗಂಟೆಯಾಯಿತು, ಕೋಣೆ ತಣ್ಣಗಾಯಿತು. ಆಗ ಕೆಳಗಿನಿಂದ ಕೆಮ್ಮು ಕೇಳಿಸಿತು. ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಶುರುವಾಯಿತು. ಎಲ್ಲರಿಗೂ ಕೇಳಿಸಿತು, ಯಾರೂ ಕಣ್ಣು ತೆರೆಯಲಿಲ್ಲ.

ಜನ ಇಳಿದುಹೋದ ಮೇಲೆ ಕೆಳಗೆ ಕೆಮ್ಮುತ್ತಿದ್ದವರು ಯಾರೆಂದು ಅತ್ತೆ ಕೇಳಿದರು. ಸೊಸೆ ಎಲ್ಲವನ್ನೂ ಹೇಳಿದಳು. ಫ್ಯಾನನ್ನು ನಾನು ಬೇಡವೆಂದಿಲ್ಲ, ಆರ್ಡರು ಮುಗಿಯಲಿ ಎಂದಿದ್ದೇನೆ ಅಷ್ಟೇ. ಕಾರ್ಖಾನೆ ನಿಂತರೆ ಇಷ್ಟೂ ಜನರ ಮನೆಯ ಒಲೆ ಹೇಗೆ ಉರಿಯಬೇಕು?

"ಅಲ್ಲಿಯವರೆಗೆ ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂದೆ. ದುಃಖದ ಬೇರು ಮನಸ್ಸಿನಲ್ಲೇ ಇರೋದು ಅಂತ ತಾನೇ ಬುದ್ಧನೂ ಹೇಳಿದ್ದು, ಅತ್ತೆ?"

"ಹೌದಮ್ಮ. ಆದ್ರೆ ಹತ್ತಿ ಧೂಳಿನ ಬೇರು ಕೆಳಗಿನ ಕೋಣೇಲಿದೆ."

ಅತ್ತೆ ಒಂದೊಂದೇ ದಿಂಬನ್ನು ಒತ್ತಿ ನೋಡುತ್ತ, ಏನೋ ನೆನಪಾದವರಂತೆ ಕೇಳಿದರು. "ರಾಜಕುಮಾರ ಮೊದಲನೇ ಸಲ ರಥ ಹತ್ತಿ ಊರು ನೋಡೋಕೆ ಹೊರಟಾಗ ಅವರಪ್ಪ ಏನು ಮಾಡ್ಸಿದ್ದ, ಹೇಳು?"

ಮಕ್ಕಳಿಗೆ ಅತ್ತೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದ ಕಥೆ. ಸೊಸೆ ಪಾಠ ಒಪ್ಪಿಸುವವಳಂತೆ ಹೇಳಿದಳು. "ಮುದುಕರು, ರೋಗಿಗಳು ಯಾರೂ ಮಗನ ಕಣ್ಣಿಗೆ ಬೀಳಬಾರದು ಅಂತ ಅವರನ್ನೆಲ್ಲ ದಾರಿಯಿಂದ ಸರಿಸಿದ್ದ."

"ಅವನೇನೂ ಕೆಟ್ಟವನಲ್ಲ. ಮಗನ ಮನಸ್ಸು ಕದಡಬಾರದು ಅಂತ ಪ್ರೀತಿಯಿಂದಲೇ ಮಾಡ್ಸಿದ್ದು," ಎಂದ ಅತ್ತೆ, ಒಂದು ದಿಂಬನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಇದು ಗಟ್ಟಿಯಾಗಿದೆ. ಯಾರು ತುಂಬಿದ್ದೋ, ಕೈ ತುಂಬ ಚೆನ್ನಾಗಿದೆ."

ಅವರು ಮೆಟ್ಟಿಲಿಳಿದು ಹೋದ ಮೇಲೂ ಯಜಮಾನಿ ಅಲ್ಲೇ ಕೂತಿದ್ದಳು. ಬುದ್ಧನ ದಾರಿಯಲ್ಲಿದ್ದೇನೆ ಎಂದು ಇಷ್ಟು ದಿನ ಬೀಗಿದ್ದಳು. ಮಾಡಿದ್ದು ಮಾತ್ರ ಅವನ ಅಪ್ಪ ಮಾಡಿದ ಕೆಲಸ. ಅವಳಿಗೆ ನಾಚಿಕೆಯಾಯಿತು.

ಮರುದಿನ ಬೆಳಗ್ಗೆ ಎಲ್ಲರೂ ಮಹಡಿಗೆ ಬಂದರೆ ಅಲ್ಲಿ ದಿಂಬುಗಳೇ ಇರಲಿಲ್ಲ. ಧ್ಯಾನ ಇವತ್ತು ಕೆಳಗೆ ಎಂದು ಯಜಮಾನಿ ಕರೆದಳು. ಹತ್ತಿ ಮೂಟೆಗಳ ನಡುವೆ ಒಬ್ಬರ ಮೇಲೊಬ್ಬರು ಬಿದ್ದಂತೆ ಎಲ್ಲರೂ ಕೂತರು. ದಿಂಬಕ್ಕ ಏನೂ ಅರ್ಥವಾಗದೆ ತನ್ನ ಜಾಗದಲ್ಲೇ ಇದ್ದಳು.

"ಯಂತ್ರ ಹಾಕಿ ಅಕ್ಕ," ಎಂದಳು ಯಜಮಾನಿ.

"ಧ್ಯಾನಕ್ಕೆ ಯಂತ್ರ ಯಾಕೆ ಮೇಡಂ?"

"ನೀವು ದಿನಾ ಎಳೆಯೋ ಉಸಿರು ಹೇಗಿರುತ್ತೆ ಅಂತ ನಮಗೂ ಗೊತ್ತಾಗಲಿ."

ಯಂತ್ರ ತಿರುಗಿತು, ನವಿರು ಎದ್ದಿತು. ಗಂಟೆಯಾಯಿತು. ಎಲ್ಲರಿಗಿಂತ ಮೊದಲು ಸೀನಿದ್ದು ಕಟಿಂಗ್ ಮಾಸ್ಟರು. ಒಬ್ಬರಾದ ಮೇಲೊಬ್ಬರು ಕೆಮ್ಮತೊಡಗಿದರು. ಯಜಮಾನಿ ಹಲ್ಲು ಕಚ್ಚಿ ಕೂತಳು. ಗಂಟಲು ಕೆರೆಯಿತು, ಕಣ್ಣಲ್ಲಿ ನೀರು ಬಂತು, ಕೊನೆಗೆ ಅವಳೂ ಬಗ್ಗಿ ಬಗ್ಗಿ ಕೆಮ್ಮಿದಳು. ಗಮನಿಸಿ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಎದ್ದುಹೋಗಿ ಯಂತ್ರದ ಸ್ವಿಚ್ಚನ್ನು ತಾನೇ ಆರಿಸಿದಳು. ದಿಂಬಕ್ಕ ತನ್ನ ನೀರಿನ ಬಾಟಲಿಯನ್ನು ಅವಳ ಕೈಗೆ ಕೊಟ್ಟು ಬೆನ್ನು ಸವರಿದಳು.

ಗೋಡೆ ಒಡೆಯುವವರು ಮರುದಿನವೇ ಬಂದರು. ದಿಂಬುಗಳು ತಡವಾಗುತ್ತವೆ, ತುಂಬುವವರಿಗೆ ಉಸಿರಾಡಲು ಆಗುತ್ತಿಲ್ಲ ಎಂದು ಯಜಮಾನಿ ಧ್ಯಾನಕೇಂದ್ರಕ್ಕೆ ಫೋನ್ ಮಾಡಿ, ಇದ್ದದ್ದನ್ನು ಇದ್ದಂತೆ ಹೇಳಿದಳು. ಅಲ್ಲಿಯವರು, ನಾವು ನೆಲದ ಮೇಲೇ ಕೂರುತ್ತೇವೆ, ನಿಧಾನವಾಗಿ ಕಳಿಸಿ ಎಂದರು. ಇನ್ನೊಬ್ಬ ಗಿರಾಕಿ ಮಾತ್ರ ಆರ್ಡರನ್ನೇ ರದ್ದು ಮಾಡಿ ಫೋನ್ ಇಟ್ಟ. ಹಳೆಯ ಸಿಟ್ಟು ಯಜಮಾನಿಯ ನೆತ್ತಿಗೇರಿತು. ಬಾಯಿ ತೆರೆಯುವ ಮೊದಲು ಅವಳು ಕಣ್ಣು ಮುಚ್ಚಿ ಕೂತಳು. ಕಲಿತ ವಿದ್ಯೆ ಆ ದಿನ ಸರಿಯಾದ ಜಾಗದಲ್ಲಿ ಕೆಲಸಕ್ಕೆ ಬಂತು.

ಕೆಲಸ ಮುಗಿಯುವಷ್ಟರಲ್ಲಿ ತುಂಬುವ ಕೋಣೆಗೆ ಒಂದು ಕಿಟಕಿ ಬಂದಿತ್ತು. ಯಂತ್ರಕ್ಕೆ ಮುಚ್ಚಳ, ಮುಚ್ಚಳಕ್ಕೆ ದಪ್ಪನೆಯ ಕೊಳವೆ, ಕೊಳವೆಯ ತುದಿಯಲ್ಲಿ ಧೂಳು ಎಳೆದು ಚೀಲಕ್ಕೆ ತುಂಬುವ ಫ್ಯಾನು. ಅಷ್ಟು ದಿನ ಹೊಲಿಗೆಯವರ ಜೊತೆ ಕೂತು ಬೇಜಾರಾಗಿದ್ದ ದಿಂಬಕ್ಕ ತನ್ನ ಜಾಗಕ್ಕೆ ಮರಳಿದಳು. ಎದೆ ಪೂರ್ತಿ ಸರಿಯಾಗಲು ಕಾಲ ಬೇಕು ಎಂದಿದ್ದರು ವೈದ್ಯರು. ತಿಂಗಳ ಕೊನೆ ಬಂದು ಹೋಯಿತು, ಕೆಲಸ ಬಿಡುವ ಮಾತನ್ನು ಅವಳು ಎತ್ತಲಿಲ್ಲ, ಯಜಮಾನಿಯೂ ಕೇಳಲಿಲ್ಲ.

ಬೆಳಗಿನ ಧ್ಯಾನ ಆ ಕೋಣೆಯಲ್ಲೇ ಉಳಿಯಿತು. ಒಂದು ದಿನ ಎಲ್ಲರೂ ಕಣ್ಣು ಮುಚ್ಚಿದ್ದಾಗ ಗೊರಕೆಯ ಸದ್ದು ಕೇಳಿತು. ಹೊಲಿಗೆಯ ಹೆಂಗಸರು ಕಿಸಕ್ಕನೆ ನಕ್ಕರು, ಕಟಿಂಗ್ ಮಾಸ್ಟರು ತಮ್ಮದಲ್ಲ ಎನ್ನುವಂತೆ ಕೈಯಾಡಿಸಿದರು. ದಿಂಬಕ್ಕ ಮೂಟೆಗೆ ಒರಗಿ ಗಾಢವಾಗಿ ನಿದ್ದೆ ಹೋಗಿದ್ದಳು. ಎಷ್ಟೋ ರಾತ್ರಿಗಳ ಕೆಮ್ಮಿನಲ್ಲಿ ಕಳೆದುಕೊಂಡ ನಿದ್ದೆ ಅದು. ಗೊರಕೆ ಎಲ್ಲೂ ತಡೆಯದೆ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು.

ಗಂಟೆ ಬಾರಿಸುವ ಹೊತ್ತಾಗಿತ್ತು. ಯಜಮಾನಿ ಗಂಟೆಯನ್ನು ಎತ್ತಿಕೊಂಡು, ಸದ್ದಾಗದಂತೆ ಅದರ ನಾಲಗೆಯನ್ನು ಬೆರಳುಗಳಲ್ಲಿ ಹಿಡಿದಳು. ಯಾರೂ ಏಳಲಿಲ್ಲ. ಮತ್ತೆ ಕಣ್ಣು ಮುಚ್ಚಿ, ಎಲ್ಲರೂ ಆ ಒಬ್ಬಳ ಉಸಿರನ್ನು ಗಮನಿಸುತ್ತ ಕೂತರು.